ಎಲೆಬಳ್ಳಿಗೆ ಹೊದಿಸಿದ ಸೀರೆ

ಅಥವಾ ನಮ್ಮ ಎಲೆತೋಟವೆಂದರೆ ನೆನಪಾಗುವ ಆ ವಾಸನೆ ಭತ್ತದ ಹೊಟ್ಟಿನ ಹೊಗೆಯದ್ದೇ ಅಲ್ಲವೇನೋ. ಇಷ್ಟು ವರ್ಷ ಹಾಗೆಂದುಕೊಂಡೇ ಬಂದಿದ್ದೇನೆ. ಆದರೆ ಈ ಡಿಸೆಂಬರಿನ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ತಾರಸಿಯ ಮೇಲಿನ ಹೂಕುಂಡಗಳಿಗೆ ಹೊದಿಸಿದ್ದ ಹಳೆಯ ಹತ್ತಿ ಸೀರೆಯನ್ನು ತೆಗೆದು ಕೊಡವಿದಾಗ, ಇಬ್ಬನಿಯಲ್ಲಿ ನೆನೆದ ಬಟ್ಟೆಯ ವಾಸನೆ ಗಾಳಿಯಲ್ಲಿ ಈ ಕಡೆ ಬಂತು. ಹೊಗೆ ಎಲ್ಲೂ ಇರಲಿಲ್ಲ. ಆದರೂ ಆವರಗೆರೆಯ ನಮ್ಮ ಎಲೆತೋಟ ಇಡಿಯಾಗಿ ಎದುರು ನಿಂತಿತು: ಒದ್ದೆ ಹತ್ತಿ, ಅದರೊಳಗೆ ಎಳೆ ವೀಳ್ಯದೆಲೆಯ ಹಸಿ ಖಾರ, ತುಸು ಮಣ್ಣು. ನೆನಪು ಹೀಗೆ ಪೂರ್ತಿ ಉಟ್ಟುತೊಟ್ಟು ಬಂದು ನಿಂತಾಗ ನನಗೆ ಮೊದಲು ಅನುಮಾನ ಬರುತ್ತದೆ. ಇದನ್ನು ಇಷ್ಟು ಒಪ್ಪವಾಗಿ ಜೋಡಿಸಿದವರು ಯಾರು ಎಂದು ಕೇಳಬೇಕೆನಿಸುತ್ತದೆ. ಅದರ ಹಿಂದೆಯೇ ಹೊಟ್ಟೆಕಿಚ್ಚು ಬರುತ್ತದೆ. ಆ ಬೆಳಿಗ್ಗೆಯೂ ಬಂತು. ಪಕ್ಕದ ಮನೆಯ ಗಿಡಗಳು ರಾತ್ರಿಯೆಲ್ಲ ಯಾರದೋ ಸೀರೆಯೊಳಗೆ ಬೆಚ್ಚಗಿದ್ದವಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ತಲೆಗೂದಲು ಬೆಳ್ಳಗಾಗುತ್ತಿರುವ ಹೆಂಗಸೊಬ್ಬಳು ಕುಂಡದ ಗಿಡದ ಮೇಲೆ ಅಸೂಯೆಪಡುವುದು ನಗೆಪಾಟಲು ಎಂದು ನನಗೂ ಗೊತ್ತು. ಆದರೆ ಗಿಡಗಳಿಗೂ ನನಗೂ ಇರುವ ಈ ಜಗಳ ಹಳೆಯದು.

ನಮ್ಮ ಮನೆ ಆವರಗೆರೆಯಲ್ಲಿತ್ತು. ಈಗ ಅದು ದಾವಣಗೆರೆಯೇ ಆಗಿಹೋಗಿದೆ. ಆಗ ಊರಿಗೂ ಪೇಟೆಗೂ ನಡುವೆ ಹೊಲಗಳಿದ್ದವು, ಎತ್ತಿನ ಗಾಡಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಓಡಾಡುತ್ತಿದ್ದವು. ಹಿತ್ತಲ ಬಾಗಿಲು ತೆರೆದರೆ ಎಮ್ಮೆ ಕಟ್ಟುವ ಕೊಟ್ಟಿಗೆ, ಕೊಟ್ಟಿಗೆ ದಾಟಿದರೆ ತೋಟದ ಬೇಲಿ. ಬೇಲಿಯ ಬಳಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಬರಿಗಾಲಲ್ಲಿ ಒಳಗೆ ಹೋಗಬೇಕು. ಅಗಸೆ ಮತ್ತು ನುಗ್ಗೆ ಮರಗಳ ಸಾಲುಗಳು, ಅವುಗಳ ಮೈಗೆ ಬಾಳೆಯ ಪಟ್ಟೆಯಿಂದ ಕಟ್ಟಿದ ಬಳ್ಳಿಗಳು, ಮಧ್ಯಾಹ್ನವೂ ಅಲ್ಲಿ ಹಸಿರು ಮಬ್ಬು. ಬೇಸಿಗೆಯಲ್ಲಿ ದಾವಣಗೆರೆಯ ಬೀದಿಗಳು ಕಾದ ಹಂಚಿನಂತಿರುವಾಗಲೂ ತೋಟದ ಮಣ್ಣು ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಎಲೆಬಳ್ಳಿ ಬಿಸಿಲನ್ನು ಹೇಗೋ ನೆರಳಲ್ಲಿ ನಿಂತು ಸಹಿಸಿಕೊಳ್ಳುತ್ತದೆ, ಚಳಿಯನ್ನು ಮಾತ್ರ ತಡೆಯುವುದಿಲ್ಲ. ದೀಪಾವಳಿ ಕಳೆದು ಮೂಡಣದಿಂದ ಒಣಗಾಳಿ ಬೀಸತೊಡಗಿದರೆ ಬಲಿತ ಬಳ್ಳಿಗಳು ಎಲೆ ಚಿಕ್ಕದು ಮಾಡಿಕೊಂಡು ಮುದುಡುತ್ತಿದ್ದವು. ಆ ವರ್ಷ ನೆಟ್ಟ ಎಳೆಯ ಬಳ್ಳಿಗಳ ಪಾಡು ಇನ್ನೂ ಕಷ್ಟ. ಕುಡಿ ಕಪ್ಪಗಾಯಿತೆಂದರೆ ಮುಗಿಯಿತು, ಮುಂದಿನ ಮಳೆಗಾಲದವರೆಗೂ ಆ ಜಾಗ ಬೋಳು.

ಅದಕ್ಕೆಂದೇ ಚಳಿಗಾಲದಲ್ಲಿ ತೋಟಕ್ಕೆ ಬೇರೆಯೇ ಚಾಕರಿ ನಡೆಯುತ್ತಿತ್ತು. ಗಾಳಿ ಬರುವ ಕಡೆಗೆ ತೆಂಗಿನ ಗರಿಯ ತಡಿಕೆ ನಿಲ್ಲಿಸುವುದು, ಇಳಿಹೊತ್ತಿನಲ್ಲಿ ಬಾವಿಯ ಬೆಚ್ಚನೆಯ ನೀರು ಹಾಯಿಸುವುದು, ಬಾತಿ ಊರಿನ ಹತ್ತಿರದ ಅಕ್ಕಿ ಗಿರಣಿಯಿಂದ ತಂದ ಹೊಟ್ಟನ್ನು ಹಳೇ ಮಡಕೆಗಳಲ್ಲಿ ತುಂಬಿ ಕೆಂಡ ಹಾಕಿ ಬದುವಿನ ಮೇಲೆ ಇಡುವುದು, ಇವೆಲ್ಲ ದೊಡ್ಡಪ್ಪನ ಕೆಲಸ. ಎಳೆ ಬಳ್ಳಿಗಳಿಗೆ ಹೊದಿಸುವುದು ಮಾತ್ರ ಅಜ್ಜಿಯ ಕೆಲಸ, ಅದನ್ನು ಆಕೆ ಯಾರಿಗೂ ಬಿಡುತ್ತಿರಲಿಲ್ಲ. ಗೋಣಿಚೀಲ ಒರಟು, ಕಂಬಳಿ ಇಬ್ಬನಿ ಕುಡಿದು ಭಾರವಾಗಿ ಬಳ್ಳಿಯನ್ನೇ ಮುರಿಯುತ್ತದೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ಪ್ರತಿ ಬಳ್ಳಿಯ ಸುತ್ತ ಕಡ್ಡಿ ಚುಚ್ಚಿ, ಸೀರೆಯನ್ನು ಮಡಿಸಿ ಹೊದಿಸಿ, ತುದಿಯನ್ನು ಕಡ್ಡಿಗೆ ಗಂಟು ಹಾಕುತ್ತಿದ್ದಳು. ಬೆಳಿಗ್ಗೆ ಬಿಸಿಲು ಮರದ ತಲೆಗೆ ಬಂದ ಮೇಲೆ ತೆಗೆಯುವುದು, ಸಂಜೆ ಮತ್ತೆ ಹೊದಿಸುವುದು. ನಮ್ಮ ಮನೆಯಲ್ಲಿ ಇದಕ್ಕೊಂದು ರೂಢಿ ಇತ್ತು. ಬೇರೆ ತೋಟದವರಲ್ಲಿ ಇತ್ತೋ ಇಲ್ಲವೋ ನಾನರಿಯೆ. ಅಜ್ಜಿಯ ಹಳೆಯ ಸೀರೆಗಳ ಜೊತೆಗೆ ಸೊಸೆಯಂದಿರೂ ತಮ್ಮ ಸೀರೆ ಕೊಡುತ್ತಿದ್ದರು. ಕೊಟ್ಟ ಸೀರೆ ಮರಳಿ ಮನೆಗೆ ಬರುವಂತಿಲ್ಲ, ಚಳಿ ಮುಗಿದ ಮೇಲೆ ಅದನ್ನು ಸೀಳಿ ಬಳ್ಳಿ ಕಟ್ಟಲು ಬಳಸುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಕೊನೆಯ ಸಲ ಸೀರೆ ತೆಗೆದಾಗ ಯಾರ ಸೀರೆಯಡಿ ಯಾವ ಬಳ್ಳಿ ಉಳಿದಿತ್ತೋ ಆ ಬಳ್ಳಿಯ ಒಂದು ಎಲೆ ಕಿತ್ತು ಅಜ್ಜಿ ಆಕೆಯ ಕೈಗೆ ಕೊಡುತ್ತಿದ್ದಳು. ಒಂದೇ ಎಲೆ. ಅದಕ್ಕೆ ಅಡಿಕೆಯೂ ಇಲ್ಲ, ಸುಣ್ಣವೂ ಇಲ್ಲ. ಆದರೆ ಆ ಎಲೆ ಹಿಡಿದುಕೊಂಡು ತೋಟದಿಂದ ಬರುವ ಹೆಂಗಸಿನ ನಡಿಗೆಯೇ ಬೇರೆಯಾಗಿರುತ್ತಿತ್ತು.

ದೊಡ್ಡವ್ವ ಎಂದರೆ ದೊಡ್ಡಪ್ಪನ ಹೆಂಡತಿ, ಸಾರಥಿ ಎಂಬ ಊರಿನವಳು. ಹೊಲಮನೆ ಇದ್ದವರ ಮಗಳು. ಆಕೆಯ ತವರಿನಿಂದ ಹಬ್ಬಕ್ಕೊಮ್ಮೆ ಹತ್ತಿ ಸೀರೆ ಬರುತ್ತಿತ್ತು, ಹಳೆಯವು ಮರದ ಪೆಟ್ಟಿಗೆಯಲ್ಲಿ ಬೇವಿನೆಲೆಯ ನಡುವೆ ಮಡಿಚಿಟ್ಟಿರುತ್ತಿದ್ದವು. ತೋಟದ ಮೂಡಣ ಮೂಲೆಯ ಬಳ್ಳಿಗೆ ಗಾಳಿ ನೇರ ಹೊಡೆಯುತ್ತಿತ್ತು. ಆ ಬಳ್ಳಿಗೆ ಪ್ರತಿ ವರ್ಷವೂ ಅವಳ ಸೀರೆಯೇ. ಅವಳ ಮಗಳು ಶಶಿ ನನಗಿಂತ ಸ್ವಲ್ಪ ದೊಡ್ಡವಳು. ಬೇಲಿಯ ಬಳಿ ನಿಂತು ಅವಳು ಆ ಮೂಲೆಯತ್ತ ಗಲ್ಲ ಎತ್ತಿ ತೋರಿಸುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

"ಮೂಲೆ ಬಳ್ಳಿಗೆ ನಮ್ಮವ್ವನ ಸೀರೆ. ನಿಮ್ಮವ್ವಂದು ಎಲ್ಲೈತೆ?"

"ನಮ್ಮವ್ವಂದು ಟ್ರಂಕಿನಾಗೈತೆ."

"ಯಾಕ, ಟ್ರಂಕಿಗೆ ಚಳಿಯಾಗ್ತೈತೇನು?"

ನನ್ನ ಅವ್ವ ಹರಿಹರದವಳು. ಅವಳಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದವರು. ಹೊಳೆಗೆ ಹತ್ತಿರದ ಸಣ್ಣ ಮನೆ. ಒಗೆದ ಬಟ್ಟೆ ಬೇಗ ಒಣಗಬೇಕು, ಇಸ್ತ್ರಿ ಬೇಡ, ಬಣ್ಣ ಹೋಗಬಾರದು, ಹಾಗಾಗಿ ಆ ಮನೆಯ ಹೆಂಗಸರೆಲ್ಲ ನೈಲಾನ್ ಸೀರೆಯವರು. ಅವ್ವ ಮದುವೆಯಾಗಿ ಟ್ರಂಕಿನಲ್ಲಿ ತಂದದ್ದೂ ಅವೇ: ಹೂವಿನವು, ಗೆರೆಯವು, ಚುಕ್ಕೆಯವು, ಕೈಯಿಟ್ಟರೆ ಜಾರಿಹೋಗುವಂಥವು. ಬಂದ ಮೊದಲ ಚಳಿಗಾಲದಲ್ಲಿ, ನಾನು ಇನ್ನೂ ಹುಟ್ಟಿರಲಿಲ್ಲ, ಅಜ್ಜಿ ಸೀರೆ ಕೇಳಿದಾಗ ಅವ್ವ ತನ್ನ ಪೆಟ್ಟಿಗೆಯಲ್ಲಿದ್ದುದರಲ್ಲೇ ಚೆಂದದ್ದನ್ನು ತೆಗೆದುಕೊಟ್ಟಿದ್ದಳಂತೆ. ಮುಸ್ಸಂಜೆಯಲ್ಲಿ ಯಾರೂ ಮುಟ್ಟಿ ನೋಡದೆ ಹೊದಿಸಿಬಿಟ್ಟರು. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಬೆವರು ಇಳಿದು ಬಳ್ಳಿ ತೊಪ್ಪೆಯಾಗಿತ್ತು, ಬಿಸಿಲು ಬಿದ್ದ ಮೇಲೆ ಎಲೆ ಬೆಂದ ಸೊಪ್ಪಿನ ಹಾಗೆ ಕಂದಿತು. ಅಜ್ಜಿ ಬೈಯಲಿಲ್ಲ. "ಮೈಗೆ ಹತ್ತೋ ಬಟ್ಟೆ ಬೇಕವ್ವ, ಜಾರೋದಲ್ಲ" ಎಂದಷ್ಟೇ ಹೇಳಿ, ಆಮೇಲಿನ ವರ್ಷಗಳಲ್ಲಿ ಅವ್ವನನ್ನು ಸೀರೆ ಕೇಳುವುದನ್ನೇ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡವ್ವ ಮಾತ್ರ ಆ ಕತೆಯನ್ನು ಬಿಡಲಿಲ್ಲ. ಚಳಿ ಶುರುವಾದ ಕೂಡಲೇ, ರೊಟ್ಟಿ ತಟ್ಟುತ್ತಲೋ ಅವರೆಕಾಯಿ ಸುಲಿಯುತ್ತಲೋ, ಬಂದ ನೆಂಟರ ಮುಂದೆ ತೆಗೆಯುತ್ತಿದ್ದಳು. "ನಮ್ಮ ಹರಿಹರದಾಕೆ ಬಳ್ಳಿಗೆ ರೇನ್‌ಕೋಟು ತೊಡಿಸಿದ್ಲು ಕಣ್ರಿ." ಅವ್ವ ತಲೆ ಎತ್ತದೆ, "ತೊಡಿಸಿದ್ದೆ ಅಕ್ಕ. ಮಳೆನೇ ಬರ್ಲಿಲ್ಲ, ನಾನೇನ್ ಮಾಡ್ಲಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವ್ವನೂ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ದೊಡ್ಡವ್ವ ಎಲೆ ಹಿಡಿದು ಒಳಗೆ ಬರುವಾಗ ಅವ್ವ ಒಲೆಯ ಮುಂದೆ ನಮ್ಮ ಕಡೆ ಬೆನ್ನು ಮಾಡಿ ಕೂತಿರುತ್ತಿದ್ದಳು. ಬೇಕೆಂದೇ ಬೆನ್ನು ಮಾಡಿದಳೋ, ಒಲೆ ಇದ್ದದ್ದೇ ಆ ಕಡೆಗೋ, ಹೇಳಲಾರೆ. ಆ ಬೆನ್ನು ನೋಡಿ ನನಗೆ ದೊಡ್ಡವ್ವನ ಪೆಟ್ಟಿಗೆಯ ಮೇಲೆ, ಅದರೊಳಗಿನ ಬೇವಿನೆಲೆಯ ಮೇಲೆ, ಸಾರಥಿಯ ಮೇಲೆ, ಆ ಊರಿಗೆ ಹೋಗುವ ಬಸ್ಸಿನ ಮೇಲೆ ಕೂಡ ಹೊಟ್ಟೆಕಿಚ್ಚು ಆಗುತ್ತಿತ್ತು.

ಅವ್ವನ ಹತ್ತಿರ ಒಂದೇ ಒಂದು ಹತ್ತಿ ಸೀರೆ ಇತ್ತು. ಇಟ್ಟಿಗೆ ಬಣ್ಣದ ಚೌಕಳಿಯದು. ನನ್ನನ್ನು ಹೆತ್ತಾಗ ಬಾಣಂತನಕ್ಕೆಂದು ಹರಿಹರದ ಅಜ್ಜಿ ತಂದುಕೊಟ್ಟದ್ದು. ಆ ಸೀರೆಯಲ್ಲಿ ಅವ್ವ ನನ್ನನ್ನು ಸುತ್ತಿದ್ದಳು, ಜೋಲಿ ಕಟ್ಟಿದ್ದಳು, ನಾನು ದೊಡ್ಡವಳಾದ ಮೇಲೆ ಅದೇ ನನ್ನ ಹೊದಿಕೆಯಾಯಿತು. ಮಿಕ್ಕ ಮಕ್ಕಳಿಗೆ ಕೌದಿ, ನನಗೆ ಆ ಸೀರೆ. ಅದರ ಅಂಚಿನ ದಾರವೊಂದು ಬಿಟ್ಟುಕೊಂಡಿತ್ತು. ಅದನ್ನು ಬೆರಳಿಗೆ ಸುತ್ತಿಕೊಂಡರೆ ಮಾತ್ರ ನಿದ್ದೆ. ಹರಳೆಣ್ಣೆ, ಲೋಬಾನ, ಹಳೆಯ ಹಾಲು, ಅವ್ವನ ಕುತ್ತಿಗೆ, ಎಲ್ಲ ಅದರಲ್ಲಿತ್ತು. ಶಶಿಗೆ ಎಲ್ಲವೂ ಇತ್ತು, ಇದು ಇರಲಿಲ್ಲ. ಒಂದು ಸಲ ಅವಳು ಅದನ್ನು ಹೊದ್ದು ಮಲಗಿದ್ದಕ್ಕೆ ನಾನು ಅವಳ ಕೈ ಕಚ್ಚಿದ್ದೆನಂತೆ. ಅವಳು ಈಗಲೂ ಕೈ ತೋರಿಸುತ್ತಾಳೆ, ಕಲೆಯೇನೂ ಕಾಣುವುದಿಲ್ಲ.

ಆಮೇಲೆ ಆ ಚಳಿ ಬಂತು. ಯಾವ ವರ್ಷವೆಂದು ಹೇಳಲು ಹೋಗುವುದಿಲ್ಲ, ಹೇಳಿದರೆ ಸುಳ್ಳಾದೀತು. ಬೆಳಿಗ್ಗೆ ಹಂಡೆಯ ಮುಂದಿನಿಂದ ಯಾರೂ ಏಳುತ್ತಿರಲಿಲ್ಲ, ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಗಟ್ಟಿಯಾಗಿತ್ತು. ದೊಡ್ಡಪ್ಪ ಆ ಮಳೆಗಾಲದಲ್ಲಿ ಹೊಸ ಸಾಲುಗಳನ್ನು ಹೆಚ್ಚಾಗಿ ನೆಟ್ಟಿದ್ದರು, ಹೊದಿಸಲು ಸೀರೆ ಸಾಲದಾಗಿತ್ತು. ಇಳಿಹೊತ್ತಿನಲ್ಲಿ ಅಜ್ಜಿ ಹಿತ್ತಲ ಕಟ್ಟೆಗೆ ಬಂದು ಕೂತು ಸೊಸೆಯಂದಿರಿಬ್ಬರನ್ನೂ ಕರೆದಳು.

"ಇವತ್ತು ಗಾಳಿ ಹಲ್ಲು ಕಡಿತೈತೆ. ಇನ್ನೊಂದು ಸೀರೆ ಬೇಕು, ನೋಡ್ರೆ."

ದೊಡ್ಡವ್ವ ಹೇಳಿದಳು, "ನಂದೆಲ್ಲ ಕೊಟ್ಟಾಗೈತ್ರಿ ಅತ್ತೆ. ಉಟ್ಕಂಡಿದ್ದೊಂದು ಉಳಿದೈತೆ, ಅದನ್ನೂ ಬಿಚ್ಚಿ ಕೊಡ್ಲೇನು?"

"ಬ್ಯಾಡವ್ವ, ಬಳ್ಳಿ ಹೆದರ್ಕಂತಾವೆ."

ಆ ನಗುವಿನ ನಡುವೆ ಅವ್ವ ಎದ್ದು ಒಳಗೆ ಹೋದಳು. ಹಾಸಿಗೆಯ ಸುರುಳಿ ಬಿಚ್ಚಿದ ಸದ್ದು ಕೇಳಿಸಿತು. ನಾನು ಓಡಿಹೋಗುವಷ್ಟರಲ್ಲಿ ಇಟ್ಟಿಗೆ ಬಣ್ಣದ ಸೀರೆ ಅವಳ ತೋಳಿನ ಮೇಲಿತ್ತು. ನನ್ನ ಮುಖ ನೋಡಿದಳು. ನನಗೆ ಅಲ್ಲಿ ಎರಡು ಹೊಟ್ಟೆಕಿಚ್ಚು ಒಟ್ಟಿಗೇ ಎದ್ದವು, ಒಂದಕ್ಕೊಂದು ಎದುರಾಗಿ. ನನ್ನ ಸೀರೆಯನ್ನು ಒಂದು ಬಳ್ಳಿ ಹೊದ್ದುಕೊಳ್ಳುತ್ತದೆ, ನನ್ನ ದಾರವನ್ನು ತನ್ನ ಕುಡಿಗೆ ಸುತ್ತಿಕೊಳ್ಳುತ್ತದೆ ಎಂಬುದು ಒಂದು. ಆ ಬಳ್ಳಿ ಒಣಗಿ ಸಾಯಲಿ ಎನಿಸಿತು. ಹಾಗೆ ಕೊಡುವುದೇ ಆದರೆ ಅದು ಮೂಡಣ ಮೂಲೆಯ ಬಳ್ಳಿಗೇ ಹೋಗಬೇಕು, ದೊಡ್ಡವ್ವನ ಸೀರೆಯನ್ನು ತೆಗೆದು ಇದನ್ನು ಹೊದಿಸಬೇಕು, ಆ ಬಳ್ಳಿ ಬದುಕಬೇಕು, ಅವ್ವನಿಗೆ ಎಲೆ ಸಿಗಬೇಕು ಎಂಬುದು ಇನ್ನೊಂದು.

ಮುಂದಿನದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಅಜ್ಜಿ ಮುಂದೆ, ಅವಳ ಹಿಂದೆ ಅವ್ವ, ಅವ್ವನ ಸೆರಗು ಹಿಡಿದು ನಾನು. ಕಾಲು ತೊಳೆದ ನೀರು ಚುಚ್ಚುವಷ್ಟು ತಣ್ಣಗಿತ್ತು. ಬದುವಿನ ಮೇಲಿನ ಮಡಕೆಗಳಿಂದ ಹೊಗೆ ಮೇಲೇಳದೆ ಸಾಲುಗಳ ನಡುವೆ ಮಂಡಿಯೆತ್ತರಕ್ಕೆ ತೆವಳುತ್ತಿತ್ತು. ಅದರೊಳಗೆ ಹೊದಿಕೆ ಹಾಕಿದ ಬಳ್ಳಿಗಳು ಮುಸುಕು ಹಾಕಿಕೊಂಡು ಕೂತ ಹೆಂಗಸರ ಹಾಗೆ ಕಂಡವು. ಮನೆಯ ಹೆಂಗಸರೆಲ್ಲ, ಸತ್ತವರೂ ಇದ್ದವರೂ, ಅಲ್ಲಿ ಬಂದು ಕೂತ ಹಾಗೆ. ಮೂಲೆಗೆ ಹೋಗಿ ಅಜ್ಜಿ ನಿಂತಳು. ಅವ್ವನ ಕೈಯಿಂದ ಸೀರೆ ತೆಗೆದುಕೊಂಡು ಮುಖಕ್ಕೆ ಹಿಡಿದು ಮೂಸಿದಳು. "ಕೂಸಿನ ವಾಸನೆ ಐತೆ" ಎಂದಳು. ದೊಡ್ಡವ್ವನ ಸೀರೆಯನ್ನು ಬಿಚ್ಚಿ ಪಕ್ಕದ ಬಳ್ಳಿಗೆ ಸರಿಸಿ, ಮೂಲೆಯ ಬಳ್ಳಿಗೆ ನಮ್ಮ ಸೀರೆ ಹೊದಿಸಿ, ಗಂಟು ಹಾಕಿದಳು. ಶಿವರಾತ್ರಿಯ ಹೊತ್ತಿಗೆ ಅಲ್ಲಿಂದ ಒಂದು ಎಲೆ ಬಂತು. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತದ್ದು, ಆ ಸಲ ಒಲೆಗೆ ಬೆನ್ನು ಮಾಡಿ ನಮ್ಮೆಲ್ಲರ ಕಡೆ ಮುಖ ಮಾಡಿ ಕೂತದ್ದು, ನನಗೆ ನೆನಪಿದೆ.

ಇದು ತೀರಾ ಚೆಂದವಾಗಿದೆ. ಅಂಚು ಸರಿಯಾಗಿ ಕೂಡಿಕೊಂಡಿದೆ. ಹೀಗೆ ಕೂಡಿಕೊಂಡದ್ದನ್ನು ಕಂಡರೆ ನನಗೆ ಎಲ್ಲೋ ಹೊಲಿಗೆ ಬಿಚ್ಚಿ ನೋಡಬೇಕೆನಿಸುತ್ತದೆ. ಆದರೆ ಬಿಚ್ಚಲು ಏನೂ ಉಳಿದಿಲ್ಲ. ಅಜ್ಜಿ ಹೋದ ಮೇಲೆ ತೋಟಕ್ಕೆ ಹೊದಿಸುವವರಿಲ್ಲದಾದರು, ಆಮೇಲೆ ಬಳ್ಳಿಗೆ ರೋಗ ಬಂತು, ಆಮೇಲೆ ದೊಡ್ಡಪ್ಪನೂ ಅಪ್ಪನೂ ಬೇರೆಯಾದರು. ತೋಟದಲ್ಲಿ ಕಲ್ಲು ನೆಟ್ಟು ಸೈಟು ಮಾಡಿದರು. ಬಾವಿ ಮುಚ್ಚಿದರು. ಮೂಡಣ ಮೂಲೆ ಎಲ್ಲಿತ್ತೆಂದು ಹುಡುಕಿಕೊಂಡು ಒಮ್ಮೆ ಹೋಗಿದ್ದೆ. ಅಲ್ಲಿ ಒಂದು ಮಹಡಿ ಮನೆ, ಕೆಳಗೆ ಜೆರಾಕ್ಸ್ ಅಂಗಡಿ. ಮೂಡಣದ ಗಾಳಿ ಈಗಲೂ ಅದೇ ಗೋಡೆಗೆ ಹೊಡೆಯುತ್ತಿರಬೇಕು. ಗೋಡೆಗೆ ಏನೂ ಆಗುವುದಿಲ್ಲ.

ಹೋದ ವರ್ಷ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಳೆಯ ಫೋಟೋ ಹಾಕಿದರು: ತೋಟದ ಬೇಲಿ, ಅಜ್ಜಿ, ಹಿಂದೆ ಮಸುಕಾಗಿ ಏನೋ ಹೊದಿಸಿದ್ದು. ನಾನು ಅದರ ಕೆಳಗೆ ನನ್ನ ನೆನಪು ಬರೆದೆ. ಸ್ವಲ್ಪ ಹೊತ್ತಿಗೆ ಶಶಿಯ ಫೋನು ಬಂತು. ಅವಳು ಈಗ ಹರಿಹರದಲ್ಲೇ ಇದ್ದಾಳೆ, ಗಂಡನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ.

"ಲೇ, ಯಾವ ಮೂಲೆ ಬಳ್ಳಿ? ಮೂಲೆಗೆ ನಮ್ಮವ್ವಂದೇ ಇದ್ದದ್ದು. ನಿನ್ನ ಸೀರೆನ ಎಮ್ಮೆ ಕರುಗೆ ಹೊಚ್ಚಿದ್ರು ಕಣೆ. ಆ ವಾರ ಎಮ್ಮೆ ಈದಿತ್ತು, ಮರ್ತ್ಯೇನು?"

"ಸುಳ್ಳು ಹೇಳ್ಬ್ಯಾಡ."

"ಸುಳ್ಳ್ಯಾಕ ಹೇಳ್ಲಿ? ಕರು ಅರ್ಧ ಸೆರಗು ಬಾಯಾಗ ತುಂಬ್ಕಂಡಿತ್ತು. ನಾವಿಬ್ರೂ ಅದರ ಬಾಯಿಂದ ಎಳೆದೀವಿ. ನೀನು ಅತ್ತಿದ್ದು ಅದಕ್ಕೇ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಅವಳಿಗೆ ಗೊತ್ತಿದೆ. ಅಥವಾ ಗೊತ್ತಿದೆಯೆಂದು ಅವಳಿಗೆ ಅನಿಸುತ್ತದೆ, ಅನುಮಾನವೆಂಬ ಕಾಯಿಲೆ ಅವಳಿಗಿಲ್ಲ. ಫೋನಿಟ್ಟ ಮೇಲೆ ನಾನು ಕರುವನ್ನು ಹುಡುಕಿದೆ. ಕರು ಇತ್ತು, ನಿಜ. ಕೊಟ್ಟಿಗೆಯ ಮೂಲೆಯಲ್ಲಿ ನಡುಗುತ್ತಾ ನಿಂತಿತ್ತು, ಮೈಮೇಲೆ ಕಂದು ಬಣ್ಣದ್ದೇನೋ ಇತ್ತು. ಗೋಣಿಚೀಲವೂ ಕಂದು ಬಣ್ಣದ್ದೇ. ಬೆರಳಿಗೆ ಸಿಕ್ಕ ಒದ್ದೆ ಬಟ್ಟೆ, ಬಿಸಿ ಜೊಲ್ಲು, ಅದೂ ಒಂದು ಥರ ನೆನಪಿಗೆ ಬಂತು. ಅವಳು ಹೇಳುವ ಮುಂಚೆ ಅದು ನನ್ನೊಳಗಿತ್ತೋ, ಹೇಳಿದ ಮೇಲೆ ಬಂದು ಸೇರಿಕೊಂಡಿತೋ ಬೇರ್ಪಡಿಸಲು ಆಗಲಿಲ್ಲ.

ಅವ್ವ ಈಗ ನಮ್ಮ ಜೊತೆಯಲ್ಲೇ ಇದ್ದಾಳೆ. ಇಷ್ಟು ವರ್ಷ ಅವಳನ್ನು ನಾನು ಇದನ್ನು ಕೇಳಿರಲಿಲ್ಲ; ಕೇಳುವ ಅಗತ್ಯವಿದೆ ಎಂದೇ ಅನಿಸಿರಲಿಲ್ಲ. ಪಕ್ಕದ ಮನೆಯ ಸೀರೆಯ ವಾಸನೆ ಬಂದ ದಿನ ಮಧ್ಯಾಹ್ನ, ಅವಳು ಬಿಸಿಲಿಗೆ ಕಾಲು ಚಾಚಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ, ಕೇಳಿದೆ. ಮೂಲೆಗೆ ಹೊದಿಸುವಾಗ ದೊಡ್ಡವ್ವನ ಸೀರೆ ಬಿಚ್ಚಿದ್ದು ನಿನಗೆ ನೆನಪಿದೆಯಾ, ಅಜ್ಜಿ ಮೂಸಿದ್ದು ನೆನಪಿದೆಯಾ ಎಂದೆ.

"ನಾನೆಲ್ಲಿ ಬಂದಿದ್ದೆ ತೋಟಕ್ಕೆ?" ಎಂದಳು ಅವ್ವ.

ನಿನ್ನ ಸೆರಗು ಹಿಡಿದು ನಾನು ಬಂದಿದ್ದೆನಲ್ಲ ಎಂದೆ.

"ನಾನು ಬರ್ಲಿಲ್ಲ. ಇದನ್ನೂ ಬ್ಯಾಡ ಅಂದುಬಿಟ್ರೆ ಎಲ್ಲರ ಮುಂದೆ ವಾಪಸ್ ಹೊತ್ಕಂಡು ಬರಬೇಕಲ್ಲ. ನಿನ್ನ ಕೈಲಿ ಕೊಟ್ಟು ಕಳಿಸ್ದೆ, ಅಜ್ಜಿ ಹಿಂದೆ. ಅಳ್ತಾ ಒಯ್ದಿ."

"ಮತ್ತೆ ಮೂಲೆಗೆ ಹಾಕಿದ್ದು?"

"ನೀನೇ ಬಂದು ಹೇಳಿದ್ಯಲ್ಲ. ಮೂಲೆ ಬಳ್ಳಿಗೆ ಹಾಕಿದ್ರು, ದೊಡ್ಡವ್ವನ ಸೀರೆ ತೆಗೆದು ಹಾಕಿದ್ರು, ಕೂಸಿನ ವಾಸನೆ ಐತೆ ಅಂದ್ರು ಅಂತ. ಆಮೇಲೆ ಯಾರು ಕೇಳಿದ್ರೂ ನಾನು ಅದನ್ನೇ ಹೇಳ್ದೆ."

"ಎಲೆ?"

"ಎಲೆನೂ ನೀನೇ ತಂದುಕೊಟ್ಟಿ. ಅಜ್ಜಿ ಕೊಟ್ಲು ಅಂದಿ. ಬಲಿತಿರ್ಲಿಲ್ಲ ಇನ್ನೂ, ಇಷ್ಟೇ ಇತ್ತು." ಮೆಂತ್ಯದ ಕಡ್ಡಿ ಹಿಡಿದ ಬೆರಳಿನಲ್ಲಿ ಹೆಬ್ಬೆರಳಿನಷ್ಟು ಅಳತೆ ತೋರಿಸಿದಳು.

"ನೀನು ಅಜ್ಜಿನ ಕೇಳ್ಲೇ ಇಲ್ವಾ?"

"ಯಾಕ ಕೇಳ್ಲಿ? ಕೇಳಿದ್ರೆ ಏನಾದ್ರೂ ಹೇಳಿಬಿಡೋಳು." ಅವ್ವ ಸೊಪ್ಪಿನ ಪುಟ್ಟಿಯನ್ನು ನೆರಳಿಗೆ ಸರಿಸಿಕೊಂಡಳು. "ತಿಂದೆ. ಬಾಳ ಖಾರ ಇತ್ತು."

ಹಾಗಾದರೆ ಆ ಸಂಜೆ ತೋಟದೊಳಗೆ ಇದ್ದವರು ಅಜ್ಜಿ ಮತ್ತು ನಾನು. ಅಜ್ಜಿ ಇಲ್ಲ. ಅವ್ವ ಇಷ್ಟು ವರ್ಷ ನಂಬಿಕೊಂಡು ಬಂದದ್ದು ನನ್ನ ಮಾತನ್ನು, ನಾನು ನಂಬಿಕೊಂಡು ಬಂದದ್ದು ಬಹುಶಃ ಅವ್ವ ಹೇಳುತ್ತಿದ್ದುದನ್ನು. ಅಜ್ಜಿ ನನ್ನ ಕೈಯಿಂದ ಸೀರೆ ತೆಗೆದುಕೊಂಡು ಯಾವ ಕಡೆ ತಿರುಗಿದಳು, ಮೂಲೆಯ ಕಡೆಗೋ ಕೊಟ್ಟಿಗೆಯ ಕಡೆಗೋ, ನನಗೆ ಗೊತ್ತಿಲ್ಲ. ಆ ಎಲೆಯನ್ನು ಅವಳು ಕೊಟ್ಟಳೋ ನಾನೇ ಕಿತ್ತೆನೋ, ಗೊತ್ತಿಲ್ಲ. ಓಡಿಬಂದು ಅವ್ವನಿಗೆ ಹೇಳಿದ ಆ ಮಗು ಕಂಡದ್ದನ್ನು ಹೇಳಿತೋ ಅವ್ವನ ಮುಖ ನೋಡಿ ಹೇಳಿತೋ, ಅದೂ ಗೊತ್ತಿಲ್ಲ. ಅವ್ವನಿಗೆ ಗೊತ್ತಿದ್ದೀತು. ನಾನು ಮತ್ತೆ ಕೇಳಲಿಲ್ಲ.